ವಿದ್ಯುತ್ ಕಡಿತ ಮತ್ತು ಗಣಕದ ಕಿರ್ದಿ

ಮುಂಗಾರು ಪೂರ್ವದ ಬಿರುಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದು ವಿದ್ಯುತ್ ನಿಲ್ಲುವುದು ಪುಲಿಕೇಶಿನಗರದ ವರ್ತಕರಿಗೆ ಹೊಸತಲ್ಲ. ಆ ಕ್ಷಣಕ್ಕೆ ಮುದ್ರಿತ ಬಿಲ್ಲು ಗಿರಾಕಿಯ ಕೈ ಸೇರಿದ್ದು, ಗಣಕಯಂತ್ರವನ್ನು ಮರಳಿ ಚಾಲೂ ಮಾಡಿದಾಗ ಅದರ ನಮೂದು ಕಾಣದಿದ್ದರೆ, ಮುಂದಿನ ಬಿಲ್ಲಿಗೂ ಅದೇ ಕ್ರಮಸಂಖ್ಯೆ ಬೀಳಬಹುದು. ಕೇಂದ್ರ ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ ಈ ಸಂಖ್ಯೆ ಪುನರಾವರ್ತನೆ ಆಗುವಂತಿಲ್ಲ. ಇ-ಇನ್‌ವಾಯ್ಸ್ ವ್ಯಾಪ್ತಿಯ ಬಿಲ್ಲಾದರೆ ಪೋರ್ಟಲ್ಲೇ ಎರಡನೆಯದನ್ನು ತಿರಸ್ಕರಿಸುತ್ತದೆ; ಸಣ್ಣ ವರ್ತಕರಿಗೆ ಆ ಕಾವಲೂ ಇಲ್ಲ.

ಇದರ ಕಾರಣವನ್ನು ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲೇ ಅರಿಯಬಹುದು. ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಬಳಿಕ ಖಾತೆಗಳಿಗೆ ಖತಾವಣಿ ಮಾಡುವುದು ಹಳೆಯ ಪದ್ಧತಿ. ಗುಮಾಸ್ತರು ಖತಾವಣಿಯ ನಡುವೆ ಎದ್ದುಹೋದರೂ ಕಿರ್ದಿ ನೋಡಿ ಉಳಿದುದನ್ನು ಪೂರೈಸಬಹುದು. ಡಿಸ್ಕಿನಲ್ಲಿಯೂ ಒಂದು ಕಡತ ಬೆಳೆದಾಗ ಅದರ ಒಡಲು, ಅದರ ಅಳತೆ, ಖಾಲಿ ಜಾಗದ ಪಟ್ಟಿ ಹೀಗೆ ಹಲವೆಡೆ ತಿದ್ದುಪಡಿ ಆಗಬೇಕು. ನಡುವೆ ವಿದ್ಯುತ್ ಹೋದರೆ ಒಂದು ಕಡೆ ತಿದ್ದಿ, ಇನ್ನೊಂದು ಕಡೆ ಹಾಗೆಯೇ ಉಳಿಯುತ್ತದೆ. ವಿಂಡೋಸ್ 98 ಕಾಲದಲ್ಲಿ ಹೀಗಾದಾಗ ಯಂತ್ರವು ಡಿಸ್ಕನ್ನು ತಪಾಸಣೆ ಮಾಡುತ್ತ ಕೂರುತ್ತಿದ್ದುದು ಹಿರಿಯ ವರ್ತಕರಿಗೆ ನೆನಪಿರಬಹುದು. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಹಾಗೂ 2001ರಲ್ಲಿ ಲಿನಕ್ಸ್ ಸೇರಿದ ಇಎಕ್ಸ್‌ಟಿ3 ಪದ್ಧತಿಗಳು ಮಾಡಬೇಕಾದ ತಿದ್ದುಪಡಿಯನ್ನು ಮೊದಲು ಒಂದು ಕಿರ್ದಿಯಲ್ಲಿ ಬರೆದಿಡುತ್ತವೆ. ಇದಕ್ಕೆ ಜರ್ನಲಿಂಗ್ ಎಂದೇ ಹೆಸರು. ವಿದ್ಯುತ್ ಮರಳಿದಾಗ ಅದನ್ನು ಓದಿ, ಪೂರ್ಣವಾಗಿ ದಾಖಲಾದುದನ್ನು ಜಾರಿಗೊಳಿಸಿ, ಅರೆಬರೆಯಾದುದನ್ನು ಕೈಬಿಡುತ್ತವೆ.

ಆದರೆ ಎನ್‌ಟಿಎಫ್‌ಎಸ್‌ನ ಕಿರ್ದಿಯಲ್ಲಿ ದಾಖಲಾಗುವುದು ಕಡತಗಳ ಸೂಚಿಯೇ ಹೊರತು ಕಡತದೊಳಗಿನ ಬರಹವಲ್ಲ. ಬೀರು ಭದ್ರವಾಗಿರುತ್ತದೆ, ಒಳಗಿನ ಕಾಗದಕ್ಕೆ ಅದು ಹೊಣೆಯಲ್ಲ. ಇಎಕ್ಸ್‌ಟಿ3 ಪದ್ಧತಿಯಲ್ಲಿ ಬರಹವನ್ನೂ ಕಿರ್ದಿಗೆ ಸೇರಿಸುವ ಏರ್ಪಾಡಿದ್ದರೂ, ವೇಗ ಕುಗ್ಗುವುದರಿಂದ ಅದು ಸಾಮಾನ್ಯ ಬಳಕೆಯಲ್ಲಿಲ್ಲ. ಇದಲ್ಲದೆ, ನಮೂದು ಗಣಕದ ಅಥವಾ ಡಿಸ್ಕಿನದೇ ತಾತ್ಕಾಲಿಕ ಸ್ಮರಣೆಯಲ್ಲಿ ಇರುವಾಗಲೇ ವಿದ್ಯುತ್ ಹೋದರೆ ಯಾವ ಕಿರ್ದಿಯೂ ಅದನ್ನು ಮರಳಿ ತಾರದು. ಉತ್ತಮ ತಂತ್ರಾಂಶವು ನಮೂದು ಡಿಸ್ಕಿಗಿಳಿದ ಮೇಲೆಯೇ ಮುಂದುವರಿಯುತ್ತದೆ. ತಮ್ಮದು ಹಾಗೆ ಮಾಡುವುದೇ ಎಂದು ಮಾರಾಟಗಾರರನ್ನು ಕೇಳಬೇಕು. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32, ಎಕ್ಸ್‌ಫ್ಯಾಟ್ ಪದ್ಧತಿಗಳಿಗೆ ಕಿರ್ದಿಯೇ ಇಲ್ಲ. ಅಂಗಡಿಯ ಏಕೈಕ ನಕಲನ್ನು ಅಲ್ಲಿಡುವುದು ನನ್ನ ದೃಷ್ಟಿಯಲ್ಲಿ ಧೈರ್ಯವಲ್ಲ, ಉಡಾಫೆ.

ಯುಪಿಎಸ್ ಇದ್ದರೆ ಸಾಲದು. ಅದರ ದತ್ತಾಂಶ ತಂತಿಯನ್ನು ಗಣಕಕ್ಕೆ ಜೋಡಿಸಿ, ಬ್ಯಾಟರಿ ಇಳಿಯುವ ಮೊದಲೇ ಯಂತ್ರ ತಾನಾಗಿ ಮುಚ್ಚುವಂತೆ ಹೊಂದಿಸಬೇಕು. ಎಷ್ಟೋ ಕಡೆ ಆ ತಂತಿ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ! ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರಣೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಾದರೆ 2022ರ ಆಗಸ್ಟ್ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕಪುಸ್ತಕಗಳ ನಕಲನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಿಸಬೇಕು. ವಿದ್ಯುತ್ ಮರಳಿದ ಕೂಡಲೇ, ಹೊಸ ಬಿಲ್ಲು ಹಾಕುವ ಮುನ್ನ, ಕೊನೆಯ ಮುದ್ರಿತ ಪ್ರತಿಯ ಸಂಖ್ಯೆ ಹಾಗೂ ಮೊಬಲಗನ್ನು ಪರದೆಯ ಕೊನೆಯ ನಮೂದಿನೊಂದಿಗೆ ತಾಳೆ ನೋಡತಕ್ಕದ್ದು. ನಮೂದು ಇಲ್ಲದಿದ್ದರೆ ಅದೇ ಸಂಖ್ಯೆ, ಅದೇ ದಿನಾಂಕದಲ್ಲಿ ಮರಳಿ ದಾಖಲಿಸಿ, ಮುದ್ರಿತ ಪ್ರತಿಯ ಮೇಲೆ ಕಾರಣ ಬರೆದು ಕಡತಕ್ಕೆ ಸೇರಿಸಬೇಕು.