ಶೂ ಕೊಳ್ಳುವ ಮುನ್ನ ಪಾದದ ಅಗಲ ಅಳೆಯಿರಿ

ಚಪ್ಪಲಿ ಅಂಗಡಿಗೆ ಹೋದವರ ಬಾಯಲ್ಲಿ ಮೊದಲು ಬರುವುದು ನಂಬರು. ‘ಏಳು ಕೊಡಿ’, ‘ನಂದು ಎಂಟು’. ಹಲವರು ಆ ನಂಬರನ್ನು ಕಾಲೇಜಿಗೆ ಹೋಗುವಾಗ ಎಂದೋ ಗೊತ್ತುಮಾಡಿಕೊಂಡಿರುತ್ತಾರೆ. ಆಮೇಲೆ ಮೈತೂಕ ಏರಿರುತ್ತದೆ, ಹೆಂಗಸರಿಗೆ ಒಂದೆರಡು ಹೆರಿಗೆಯಾಗಿರುತ್ತದೆ, ವಯಸ್ಸು ನಲವತ್ತು ದಾಟಿರುತ್ತದೆ. ಅದರೊಂದಿಗೆ ಪಾದವೂ ಹರಡಿಕೊಂಡು ಅಗಲವಾಗಿರುತ್ತದೆ. ನಂಬರು ಮಾತ್ರ ಅದೇ ಏಳು, ಅದೇ ಎಂಟು. ಬರಬರುತ್ತಾ ಕಿರುಬೆರಳ ಮೇಲೆ ಆಣಿ ಏಳುತ್ತದೆ, ಹೆಬ್ಬೆರಳ ಬುಡದ ಗಂಟು ಕೆಂಪಾಗುತ್ತದೆ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ. ಆಗ ಆಸ್ಪತ್ರೆಗೆ ಹೋಗುವವರು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋಗುತ್ತಾರೆ. ವೈದ್ಯರು ನೋಡಲೇಬೇಕಾದ ವಸ್ತು ಹೊರಗೇ ಉಳಿಯುತ್ತದೆ.

ಎಲ್ಲ ಪಾದನೋವಿಗೂ ಚಪ್ಪಲಿಯೇ ಕಾರಣವಲ್ಲ. ಬೊಜ್ಜು, ಸಂಧಿವಾತ, ಸಕ್ಕರೆ ಕಾಯಿಲೆ, ದಿನವಿಡೀ ನಿಂತು ಮಾಡುವ ಕೆಲಸ, ಹುಟ್ಟಿನಿಂದ ಬಂದ ಪಾದದ ರಚನೆ ಎಲ್ಲದರ ಪಾಲೂ ಇದೆ. ಆದರೆ ಇವುಗಳಲ್ಲಿ ಒಂದೇ ದಿನದಲ್ಲಿ ಬದಲಾಯಿಸಬಹುದಾದದ್ದು ಚಪ್ಪಲಿ ಒಂದೇ.

ಒಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳಿವೆ. ಮುಂಭಾಗ ಕಿರಿದಾದ ಶೂ ಒಳಗೆ ಇವು ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ, ಬುಡದ ಕೀಲು ಹೊರಕ್ಕೆ ಉಬ್ಬುತ್ತದೆ. ವೈದ್ಯರು ಬನಿಯನ್ ಎನ್ನುವುದು ಇದನ್ನೇ. 1958ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಅಧ್ಯಯನವೊಂದರಲ್ಲಿ ಶೂ ಧರಿಸುವವರ ಪೈಕಿ ನೂರಕ್ಕೆ 33 ಮಂದಿಗೆ ಈ ವಿಕಾರವಿತ್ತು. ಬರಿಗಾಲಲ್ಲಿ ಓಡಾಡುವವರಲ್ಲಿ ನೂರಕ್ಕೆ ಇಬ್ಬರಿಗೂ ಇರಲಿಲ್ಲ. ಬೆರಳುಗಳ ಬುಡದ ನಡುವಿನ ನರ ಒತ್ತಿಕೊಂಡರೆ ಉರಿ, ಜೋಮು. ಆಣಿ, ಜಡ್ಡು, ಉಗುರು ಮಾಂಸದೊಳಕ್ಕೆ ಇಳಿಯುವುದು ಇವೆಲ್ಲಕ್ಕೂ ಅದೇ ಒತ್ತಡ ದಾರಿ ಮಾಡಿಕೊಡುತ್ತದೆ.

ಕಾಗದ, ಪೆನ್ಸಿಲ್, ಸಂಜೆ ಹೊತ್ತು

ಪಾದದ ಅಳತೆ ಮನೆಯಲ್ಲೇ ತೆಗೆಯಬಹುದು, ಆದರೆ ಸಂಜೆಯೇ ತೆಗೆಯಬೇಕು. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ತುಸು ಊದಿರುತ್ತದೆ. ಬೆಳಿಗ್ಗೆ ಅಂಗಡಿಯಲ್ಲಿ ಹಿತವಾಗಿ ಕೂತ ಶೂ ಸಂಜೆ ಆಫೀಸಿನಲ್ಲಿ ಬಿಗಿಯುವುದು ಇದರಿಂದಲೇ. ಎ4 ಹಾಳೆಯೊಂದನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ಶೂ ಜೊತೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಬೇಕು. ಗೆರೆ ಎಳೆಯುವ ಕೆಲಸ ಮನೆಯ ಇನ್ನೊಬ್ಬರದು. ತಾವೇ ಬಗ್ಗಿ ಎಳೆದರೆ ಭಾರ ಒಂದು ಕಡೆಗೆ ವಾಲಿ ಅಳತೆ ಕೆಡುತ್ತದೆ. ಕೂತು ಎಳೆದರೆ ಪಾದ ಪೂರ್ತಿ ಹರಡುವುದೇ ಇಲ್ಲ. ಪೆನ್ಸಿಲ್ ನೆಟ್ಟಗಿರಬೇಕು. ಓರೆಯಾದರೆ ಅದರ ಮೊನೆ ಪಾದದಡಿಗೆ ನುಗ್ಗಿ ಅಗಲ ಕಡಿಮೆ ಬರುತ್ತದೆ.

ಎರಡೂ ಪಾದಗಳನ್ನು ಬರೆಯಬೇಕು. ಸಾಮಾನ್ಯವಾಗಿ ಒಂದು ಪಾದ ಇನ್ನೊಂದಕ್ಕಿಂತ ಕೊಂಚ ದೊಡ್ಡದು, ಶೂ ಕೊಳ್ಳಬೇಕಾದದ್ದು ಆ ದೊಡ್ಡದಕ್ಕೆ. ಹಿಮ್ಮಡಿಯ ತುದಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ ಒಂದು ಗೆರೆ. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಹಲವರಿಗೆ ಅದು ಎರಡನೆಯ ಬೆರಳು. ಇನ್ನೊಂದು ಗೆರೆ ಅಡ್ಡಕ್ಕೆ, ಹೆಬ್ಬೆರಳ ಬುಡದ ಗಂಟಿನಿಂದ ಕಿರುಬೆರಳ ಬುಡದ ಗಂಟಿಗೆ. ಜನ ಬಿಟ್ಟುಬಿಡುವುದು ಈ ಎರಡನೇ ಗೆರೆಯನ್ನೇ.

ಅಗಲ ಸಾಲದಿದ್ದರೆ ನಂಬರು ಏರಿಸಬೇಡಿ

ಶೂ ಬಿಗಿಯಾಯಿತು ಎಂದೊಡನೆ ಅಂಗಡಿಯವರು ಒಂದು ನಂಬರು ದೊಡ್ಡದು ತಂದುಕೊಡುತ್ತಾರೆ. ಕೊಳ್ಳುವವರಿಗೂ ಅದು ಸರಿಯೆನಿಸುತ್ತದೆ. ಪಾದನೋವಿನ ಬಹುಪಾಲು ಕಥೆ ಶುರುವಾಗುವುದು ಇಲ್ಲಿಂದಲೇ ಎಂದರೆ ತಪ್ಪಿಲ್ಲ.

ಲೆಕ್ಕ ಹೀಗಿದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ರಿಟಿಷ್ ಅಳತೆ. ಅದರಲ್ಲಿ ಒಂದು ನಂಬರು ಏರಿದರೆ ಉದ್ದ ಮೂರನೇ ಒಂದು ಇಂಚು, ಅಂದರೆ ಸುಮಾರು 8.5 ಮಿ.ಮೀ. ಹೆಚ್ಚುತ್ತದೆ. ಅಗಲ ಹೆಚ್ಚುವುದು 2 ಮಿ.ಮೀ. ಆಸುಪಾಸು. ಪಾದಕ್ಕೆ ಬೇಕಿದ್ದದ್ದು ಅಗಲ, ಸಿಕ್ಕಿದ್ದು ಉದ್ದ. ಇಷ್ಟರಿಂದ ಮೂರು ತೊಂದರೆ ಒಟ್ಟಿಗೇ ಬರುತ್ತವೆ. ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಜಾರಿ ಬೊಬ್ಬೆ ಏಳುತ್ತದೆ. ಶೂ ಕಳಚದಂತೆ ಹಿಡಿದಿಡಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುರಿಕೊಳ್ಳುತ್ತವೆ, ಅಂಗಾಲಿನ ಸ್ನಾಯು ದಿನವಿಡೀ ಬಿಗಿದಿರುತ್ತದೆ. ಮೂರನೆಯದನ್ನು ಯಾರೂ ಗಮನಿಸುವುದಿಲ್ಲ: ಪಾದ ಮಡಚುವುದು ಬೆರಳುಗಳ ಬುಡದಲ್ಲಿ, ಶೂ ಮಡಚುವ ಜಾಗ ಅದಕ್ಕಿಂತ ಮುಂದಕ್ಕೆ ಸರಿದಿರುತ್ತದೆ, ಒಳಗಿನ ಕಮಾನಿನ ಆಸರೆಯೂ ಕಮಾನಿನ ಕೆಳಗಿರದೆ ಮುಂದೆಲ್ಲೋ ಒತ್ತುತ್ತದೆ. ದುಬಾರಿ ಶೂ ಕೊಂಡೂ ನೋವು ಹೋಗಲಿಲ್ಲ ಎನ್ನುವವರು ಮೊದಲು ಇದನ್ನು ಪರೀಕ್ಷಿಸಬೇಕು.

ಭಾರತೀಯರಿಗೆ ಈ ಪೇಚು ಹೆಚ್ಚು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂಬುದು ಅದರಲ್ಲಿ ಕಂಡುಬಂತು. ಆ ಸಮೀಕ್ಷೆಯ ಆಧಾರದ ಮೇಲೆ ‘ಭಾ’ ಎಂಬ ಸ್ವದೇಶಿ ಅಳತೆಯನ್ನೂ ರೂಪಿಸಲಾಗಿದೆ. ಬೇರೆ ದೇಶದ ಪಾದಕ್ಕೆಂದು ಮಾಡಿದ ಅಚ್ಚಿನಲ್ಲಿ ನಮ್ಮ ಪಾದ ತುರುಕುತ್ತಾ ಬಂದಿದ್ದೇವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಪರೀಕ್ಷೆ ಸುಲಭ. ಪಾದದ ನಕ್ಷೆಯನ್ನು ಗೆರೆಗುಂಟ ಕತ್ತರಿಸಿ ಅಂಗಡಿಗೆ ಒಯ್ಯಬೇಕು. ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ಈ ಕಾಗದ ಇಟ್ಟು ನೋಡಬೇಕು. ಕಿರುಬೆರಳ ಬುಡದಲ್ಲಾಗಲಿ ಹೆಬ್ಬೆರಳ ಬುಡದಲ್ಲಾಗಲಿ ಕಾಗದ ಹೊರಕ್ಕೆ ಚಾಚಿಕೊಂಡಿದ್ದರೆ ಆ ಮಾದರಿಯೇ ಬೇಡ, ಯಾವ ನಂಬರಿನಲ್ಲೂ ಬೇಡ. ಇನ್‌ಸೋಲ್ ಅಂಟಿಸಿಬಿಟ್ಟಿದ್ದರೆ ಶೂವನ್ನೇ ಕಾಗದದ ಮೇಲಿಟ್ಟು ನೋಡಬಹುದು. ಕಾಗದದ ಅಂಚು ಶೂ ಅಟ್ಟೆಯ ಆಚೆ ಇಣುಕಿದರೆ ಪಾದ ಒಳಗೆ ಮುದುರಿಕೊಳ್ಳುತ್ತದೆ ಎಂದೇ ಅರ್ಥ. ಮೊನೆಮೂತಿಯ ಮಹಿಳೆಯರ ಶೂಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಹಾಗಾದರೆ ಅಗಲ ಪಾದದವರು ಏನು ಮಾಡಬೇಕು? ಅದೇ ನಂಬರಿನಲ್ಲಿ ‘ವೈಡ್’ ಎಂದು ಕೇಳಬೇಕು. ಸ್ಪೋರ್ಟ್ಸ್ ಶೂಗಳಲ್ಲಿ ಅಗಲಕ್ಕೂ ಅಕ್ಷರವಿದೆ: ಗಂಡಸರ ಶೂಗಳಲ್ಲಿ ‘ಡಿ’ ಸಾಮಾನ್ಯ, ‘2ಇ’ ಅಗಲ, ‘4ಇ’ ಇನ್ನೂ ಅಗಲ, ಹೆಂಗಸರ ಶೂಗಳಲ್ಲಿ ‘ಬಿ’ ಸಾಮಾನ್ಯ, ‘ಡಿ’ ಅಗಲ. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಇರುತ್ತದೆ, ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಚಪ್ಪಲಿ, ಸ್ಯಾಂಡಲ್ ಆದರೆ ಬಕಲ್ ಅಥವಾ ವೆಲ್ಕ್ರೋ ಪಟ್ಟಿ ಇರುವುದೇ ವಾಸಿ, ಸಂಜೆ ಊತಕ್ಕೆ ತಕ್ಕಂತೆ ಸಡಿಲಿಸಿಕೊಳ್ಳಬಹುದು.

‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್’ ಎಂಬ ಮಾತನ್ನು ನಂಬಬಾರದು. ಅಪ್ಪಟ ತೊಗಲು ಕೊಂಚ ಹಿಗ್ಗುತ್ತದೆ ನಿಜ. ಈಗಿನ ಶೂಗಳಲ್ಲಿ ಬಹಳಷ್ಟು ರೆಕ್ಸಿನ್, ಪ್ಲಾಸ್ಟಿಕ್ ಲೇಪದ ಬಟ್ಟೆ. ಅವು ಹಿಗ್ಗುವುದಿಲ್ಲ, ಬಿರಿಯುತ್ತವೆ. ಮೊದಲ ದಿನ ಕಚ್ಚುವ ಶೂ ಅಂಗಡಿಯಲ್ಲೇ ಉಳಿಯಲಿ.

ಅಂಗಡಿಯಲ್ಲಿ ಇನ್ನಷ್ಟು

ಅಗಲ ಸರಿಹೋದ ಮೇಲೆ ಉದ್ದ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಉಳಿದರೆ ಸಾಕು. ಶೂವಿನ ಹಿಂಭಾಗದ ಗೋಡೆಯನ್ನು ಎರಡು ಬೆರಳಿನಿಂದ ಹಿಚುಕಿ ನೋಡಬೇಕು, ಅದು ಕುಸಿಯಬಾರದು. ಮುಂಭಾಗ ಬೆರಳ ಬುಡದಲ್ಲಿ ಮಡಚಬೇಕು, ನಡುಭಾಗದಲ್ಲಿ ಮಡಚಬಾರದು. ಆಮೇಲೆ ಎರಡೂ ಶೂ ಹಾಕಿ, ಲೇಸು ಕಟ್ಟಿ, ಅಂಗಡಿಯ ಕಾರ್ಪೆಟ್ ಬಿಟ್ಟು ಗಟ್ಟಿ ನೆಲದ ಮೇಲೆ ಐದು ನಿಮಿಷ ನಡೆಯಬೇಕು. ಆನ್‌ಲೈನ್‌ನಲ್ಲಿ ತರಿಸುವವರು ನಂಬರು ಬಿಟ್ಟು ಸೆಂ.ಮೀ. ಅಳತೆ ನೋಡುವುದು ಒಳ್ಳೆಯದು, ಒಂದು ಕಂಪನಿಯ ಎಂಟು ಇನ್ನೊಂದರ ಎಂಟಕ್ಕೆ ಸಮನಿರುವುದಿಲ್ಲ.

ಎತ್ತರದ ಹೀಲ್ಸ್ ಮೈಭಾರವನ್ನು ಮುಂಗಾಲಿಗೆ ತಳ್ಳುತ್ತದೆ, ಮೀನಖಂಡವನ್ನು ಬಿಗಿಗೊಳಿಸುತ್ತದೆ. ಮದುವೆ ಮನೆಗೆ ಎರಡು ಗಂಟೆ ಹಾಕಿದರೆ ಬಾಧೆಯಿಲ್ಲ, ದಿನವೂ ಹಾಕಿ ಬಸ್ಸು ಹತ್ತಿಳಿದರೆ ಇದೆ. ಆದರೆ ಹೀಲ್ಸ್ ಬಿಟ್ಟವರು ಕಾಗದದಷ್ಟು ತೆಳುವಾದ ಫ್ಲ್ಯಾಟ್ ಚಪ್ಪಲಿಗೆ ಹೋಗುವುದೂ ಪರಿಹಾರವಲ್ಲ. ಹಿಮ್ಮಡಿ ನೋವಿರುವವರಿಗೆ ಎರಡರಿಂದ ಮೂರು ಸೆಂ.ಮೀ. ಎತ್ತರದ, ಅಗಲ ಬುಡದ ಹಿಮ್ಮಡಿಯೇ ಹಿತ.

ಹವಾಯಿ ಚಪ್ಪಲಿ, ಗ್ರಾನೈಟ್ ನೆಲ

ಹವಾಯಿ ಚಪ್ಪಲಿ ಬಚ್ಚಲಿಗೆ, ಅಂಗಳಕ್ಕೆ. ಅದನ್ನೇ ಹಾಕಿಕೊಂಡು ಸಂಜೆ ಐದು ಕಿ.ಮೀ. ವಾಕಿಂಗ್ ಹೋಗುವವರು ಯಾವ ಊರಿನ ಪಾರ್ಕಿನಲ್ಲೂ ಕಾಣಸಿಗುತ್ತಾರೆ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿಯನ್ನು ಬೆರಳೇ ಹಿಡಿದಿಡಬೇಕು. ಅದರ ಮೆತ್ತನೆಯ ರಬ್ಬರು ಹಿಮ್ಮಡಿಯ ಜಾಗದಲ್ಲಿ ಬೇಗ ಸವೆಯುತ್ತದೆ. ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೆಳಗಿನ ನೆಲದ ಗಟ್ಟಿತನ ತಾಗಿದರೆ ಅದರ ಕೆಲಸ ಮುಗಿದಿದೆ. ಹಳೆಯ ಶೂಗಳಿಗೂ ಒಂದು ಪರೀಕ್ಷೆ ಇದೆ. ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ಹಿಂದಿನಿಂದ ನೋಡಬೇಕು. ಒಳಕ್ಕೋ ಹೊರಕ್ಕೋ ವಾಲಿದ್ದರೆ, ಮೇಲ್ಭಾಗ ಎಷ್ಟೇ ಹೊಳೆಯುತ್ತಿರಲಿ, ಬದಲಿಸುವುದು ಕ್ಷೇಮ. ಓಟದ ಶೂಗಳ ಆಯಸ್ಸು ಸುಮಾರು 500ರಿಂದ 800 ಕಿ.ಮೀ.

ಅಥಣಿ, ನಿಪ್ಪಾಣಿಯ ಕಡೆ ಕೈಯಲ್ಲೇ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡಕ್ಕೂ ಸೇರಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ತೊಗಲು ಪಾದದ ಆಕಾರಕ್ಕೆ ಒಗ್ಗುತ್ತದೆ, ಬೆರಳುಗಳಿಗೆ ಜಾಗ ಬಿಡುತ್ತದೆ. ಅಟ್ಟೆ ಮಾತ್ರ ಚಪ್ಪಟೆ, ಗಟ್ಟಿ. ಆರೋಗ್ಯವಂತ ಪಾದಕ್ಕೆ ಅದು ಸೊಗಸು. ಹಿಮ್ಮಡಿ ನೋವಿದ್ದಾಗ ದಿನವಿಡೀ ಧರಿಸುವಂಥದ್ದಲ್ಲ.

ಇನ್ನು ಮನೆಯೊಳಗೆ. ಮಣ್ಣಿನ ನೆಲ, ಸಗಣಿ ಸಾರಿಸಿದ ನೆಲ ಹೋಗಿ ಗ್ರಾನೈಟ್, ಟೈಲ್ಸ್ ಬಂದಿವೆ. ಅಡುಗೆಮನೆಯ ಕಲ್ಲಿನ ಮೇಲೆ ಮೂರು ನಾಲ್ಕು ಗಂಟೆ ಬರಿಗಾಲಲ್ಲಿ ನಿಲ್ಲುವ ಗೃಹಿಣಿಯ ಹಿಮ್ಮಡಿ ನೋವಿಗೆ ಹೊರಗಿನ ಚಪ್ಪಲಿ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಕಡಿಮೆ. ಮನೆಯೊಳಗೇ ಬಳಸುವ ಮೆತ್ತನೆಯ ಒಂದು ಜೊತೆ ಬೇರೆ ಇಟ್ಟುಕೊಳ್ಳಬೇಕು. ದೇವರ ಮನೆಯ ಹೊಸ್ತಿಲಲ್ಲಿ ಬಿಟ್ಟರಾಯಿತು. ಎಕ್ಸ್‌ರೇಯಲ್ಲಿ ‘ಹಿಮ್ಮಡಿ ಮೂಳೆ ಬೆಳೆದಿದೆ’ ಎಂದು ಕಂಡಾಕ್ಷಣ ಆಪರೇಷನ್‌ಗೆ ಹೆದರುವವರಿದ್ದಾರೆ. ನೋವೇ ಇಲ್ಲದ ಎಷ್ಟೋ ಜನರಲ್ಲೂ ಆ ಮೂಳೆ ಇರುತ್ತದೆ. ಹಿಮ್ಮಡಿ ನೋವಿನ ಬಹುತೇಕರು ಸರಿಯಾದ ಪಾದರಕ್ಷೆ, ಮೀನಖಂಡ ಮತ್ತು ಅಂಗಾಲು ಹಿಗ್ಗಿಸುವ ವ್ಯಾಯಾಮದಿಂದಲೇ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಮಕ್ಕಳಿಗೆ, ಮಧುಮೇಹಿಗಳಿಗೆ

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರು 4ರಿಂದ 13 ವರ್ಷದ 2300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಇಂದಿಗೂ ಉಲ್ಲೇಖವಾಗುತ್ತದೆ. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು, ಬರಿಗಾಲ ಮಕ್ಕಳಲ್ಲಿ ಶೇ 2.8ರಷ್ಟು ಮಂದಿಗೆ. ಬೆರಳು ಮುಚ್ಚುವ ಶೂ ಹಾಕುವವರಲ್ಲೇ ಅದು ಹೆಚ್ಚು. ಶಾಲೆಯಲ್ಲಿ ಶೂ ಕಡ್ಡಾಯವಾದರೂ ಮನೆಗೆ ಬಂದ ಮೇಲೆ ಮಗು ಬರಿಗಾಲಲ್ಲಿ ಆಡಲಿ. ‘ಮುಂದಿನ ವರ್ಷಕ್ಕೂ ಬರಲಿ’ ಎಂದು ಜೂನ್‌ನಲ್ಲಿ ಎರಡು ನಂಬರು ದೊಡ್ಡ ಶೂ ಕೊಡಿಸುವುದು, ಅಣ್ಣನ ಪಾದಕ್ಕೆ ಒಗ್ಗಿದ ಶೂ ತಮ್ಮನಿಗೆ ಹಾಕುವುದು ಎರಡೂ ಬೇಡ. ಮೂರು ತಿಂಗಳಿಗೊಮ್ಮೆ ಅದೇ ಕಾಗದ, ಅದೇ ಪೆನ್ಸಿಲ್.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಶೂ ಕಚ್ಚಿದ್ದೇ ಗೊತ್ತಾಗುವುದಿಲ್ಲ, ಸಣ್ಣ ಬೊಬ್ಬೆ ಹುಣ್ಣಾಗುತ್ತದೆ. ಅವರಿಗೆ ಬೆರಳ ಸಂದಿಗೆ ಸಿಕ್ಕಿಸುವ ಚಪ್ಪಲಿ ಬೇಡ. ಹಿಂದೆ ಪಟ್ಟಿಯಿರುವ, ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಒಳಪದರದ ಚಪ್ಪಲಿಯನ್ನು ವೈದ್ಯರ ಸಲಹೆ ಪಡೆದು ಕೊಳ್ಳಬೇಕು. ಹಾಕುವ ಮುನ್ನ ಪ್ರತಿ ಸಲ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ಬಿಚ್ಚಿ, ಅಂಗಾಲನ್ನು ಕನ್ನಡಿ ಹಿಡಿದು ನೋಡಬೇಕು. ಕೆಂಪಗಾಗಿದ್ದರೆ ಆ ಜೊತೆ ವಾಪಸ್. ಚರ್ಮ ಒಡೆದಿದ್ದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು, ಆ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದುಕೊಂಡು.