ದಿನದ ಧಮ್ಮ ಚಿಂತನೆ: ಕಟಿಂಗ್ ಅಂಗಡಿಯ ಕುರ್ಚಿ



ಧಮ್ಮ ಬಂಧುಗಳೇ, ಇಂದಿನ ಓದು ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬರುವ ಕ್ಷೌರಿಕ ಉಪಾಲಿಯ ಪ್ರಸಂಗ. ಅಲ್ಲಿಗೆ ಹೋಗುವ ಮೊದಲು ನನ್ನ ಮನೆಯ ಒಂದೆರಡು ಮಾತು ಹೇಳಬೇಕಿದೆ. ಸ್ವಲ್ಪ ಉದ್ದವಾಗುತ್ತದೆ, ಚಹಾ ಕುಡಿಯುತ್ತಾ ಓದಿ.

ನಾನು ಹುಡುಗನಿದ್ದಾಗ ನನ್ನ ತಲೆಗೂದಲು ಕತ್ತರಿಸುತ್ತಿದ್ದವಳು ನಮ್ಮ ಅಕ್ಕ. ಅಂಗಳದಲ್ಲಿ ಗೋಣಿಚೀಲ ಹಾಸಿ ಕೂರಿಸಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಲ್ಲೇ ಶುರು ಮಾಡುತ್ತಿದ್ದಳು. ಹಿಂದಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಉಳಿಯುತ್ತಿತ್ತು. ಶಾಲೆಯಲ್ಲಿ ಹುಡುಗರು ಎಣಿಸಿ ನಗುತ್ತಿದ್ದರು. ಊರಲ್ಲಿ ಹಡಪದವರು ಇರಲಿಲ್ಲವೆಂದಲ್ಲ. ಬೇವಿನ ಗಿಡದ ಕೆಳಗೆ ಕನ್ನಡಿ ನೇತುಹಾಕಿಕೊಂಡು ದಿನಾ ಕೂರುತ್ತಿದ್ದರು. ಆ ಕನ್ನಡಿಯಲ್ಲಿ ನಮ್ಮ ಕೇರಿಯವರ ಮುಖ ಮೂಡುವಂತಿರಲಿಲ್ಲ, ಅಷ್ಟೇ.

ವರ್ಷಕ್ಕೆ ಎರಡು ಸಲ ಅಪ್ಪ ನನ್ನನ್ನು ಗಂಗಾವತಿಗೆ ಕರೆದುಕೊಂಡು ಹೋಗುತ್ತಿದ್ದ. ಬಸ್ ಚಾರ್ಜು ಕಟಿಂಗಿಗಿಂತ ಹೆಚ್ಚು, ಅದರ ಮೇಲೆ ಅಪ್ಪನ ಒಂದು ದಿನದ ಕೂಲಿ ಖೋತಾ. ಅಂಗಡಿಯೊಳಗೆ ಹೋಗುವ ಮೊದಲು ನನ್ನ ಕಿವಿಯಲ್ಲಿ ಹೇಳುತ್ತಿದ್ದ, "ಹೆಸರು ಕೇಳಿದ್ರ ಹೇಳು. ಊರು, ಓಣಿ ಕೇಳಿದ್ರ ಸುಮ್ಮ ಕುಂದ್ರು." ಆಗ ನನಗೆ ಅರ್ಥವಾಗಿರಲಿಲ್ಲ. ತಿರುಗುವ ಕುರ್ಚಿ, ಪೌಡರಿನ ವಾಸನೆ, ಇವೇ ನನಗೆ ಜಾತ್ರೆ.

ಎಷ್ಟೋ ವರ್ಷದ ಮೇಲೆ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದೆ. ಸಾತಾರದಲ್ಲಿ ಕ್ಷೌರಿಕರಿಗೇನೂ ಬರವಿರಲಿಲ್ಲ, ಇವರ ಮನೆಯವರಿಗೆ ಹಣ ಕೊಡುವ ಶಕ್ತಿಯೂ ಇತ್ತು. ಆದರೂ ಒಬ್ಬನೂ ಮುಟ್ಟಲಿಲ್ಲ, ಮನೆಯಂಗಳದಲ್ಲಿ ಅವರ ಅಕ್ಕನೇ ಕೂದಲು ಕತ್ತರಿಸುತ್ತಿದ್ದಳು ಎಂದು ಅವರು ಬರೆದಿದ್ದಾರೆ. ಆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಬಾಬಾಸಾಹೇಬರ ಕಟಿಂಗೂ ಅವರ ಅಕ್ಕನ ಮಾಡತಿದ್ಲಂತ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಆಕಿನೂ ಹಿಂದ ಮೆಟ್ಲ ಬಿಡತಿದ್ಲೇನ?"

ಇದು ಹಳೆಯ ಕತೆಯಾಗಿ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯನ್ನು ನೀವೆಲ್ಲ ಬಲ್ಲಿರಿ. 28 ಆಗಸ್ಟ್ 2014ರಂದು ಅಲ್ಲಿ ನಮ್ಮವರ ಮನೆಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದೇ ಇದ್ದುದರ ವಿವಾದ ಅದರ ಹಿಂದಿತ್ತು. ಹತ್ತು ವರ್ಷದ ನಂತರ, 24 ಅಕ್ಟೋಬರ್ 2024ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ 5 ವರ್ಷ ಶಿಕ್ಷೆ ವಿಧಿಸಿತು. ದೇಶವೆಲ್ಲ ಮಾತಾಡಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ತೀರ್ಪಿಗೆ ಎರಡು ತಿಂಗಳ ಮುಂಚೆ, ಆಗಸ್ಟ್ 2024ರಲ್ಲಿ, ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸುವ ವಿಷಯಕ್ಕೆ ಹುಟ್ಟಿದ ಜಗಳದಲ್ಲಿ ನಮ್ಮ ಹುಡುಗನೊಬ್ಬ ಕತ್ತರಿಯ ಇರಿತಕ್ಕೆ ಪ್ರಾಣ ಬಿಟ್ಟ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಹೆಮ್ಮೆಯ ಮಾತು. ಗುಡಿಯ ಗೋಪುರ ನೋಡಲು ಬಂದ ಕಣ್ಣು ಸುತ್ತಲಿನ ಹಳ್ಳಿಗಳ ಕಟಿಂಗ್ ಅಂಗಡಿಯನ್ನೂ ಒಮ್ಮೆ ನೋಡಿ ಹೋಗಲಿ.

ಸಂಗನಾಳದ ಸುದ್ದಿ ಬಂದ ವಾರ ನನಗೆ ಇಡೀ ಹಡಪದ ಸಮಾಜದ ಮೇಲೆಯೇ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಪರಿಚಯದ ಒಬ್ಬ ಹಡಪದ ಹಿರಿಯರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದೆ. ಅವರು ಪಕ್ಕದ ಹಳ್ಳಿಯವರು. ಅವರು ಅಂದದ್ದು ಇಷ್ಟು: "ನಿಮ್ಮ ತಲಿ ಮುಟ್ಟಾಕ ನನಗೇನ ತ್ರಾಸ್ರಿ ಮಾಸ್ತರ? ನಿಮ್ಮನ್ನ ಕುಂದ್ರಿಸಿದ ಕುರ್ಚಿ ಮ್ಯಾಲೆ ಗೌಡ್ರ ಮನಿಯವ್ರು ಕುಂದ್ರೂದಿಲ್ಲ. ಸುಗ್ಗ್ಯಾಗ ಆಯ ಬಂದ್ ಆಗ್ತೈತಿ. ಅಂಗಡಿ ಜಾಗಾನೂ ಅವರದ." ಆಮೇಲೆ ದನಿ ತಗ್ಗಿಸಿ, "ಮುಂಜಾನೆದ್ದು ನಮ್ಮ ಮುಖಾ ನೋಡಿದ್ರ ಅಪಶಕುನ ಅಂತಾರ ಅದ ಮಂದಿ" ಅಂದರು.

ಕೊಲೆಗೆ ಇದು ನೆಪವಾಗದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ತನ್ನ ಜಾತಿಯ ಹೆಸರೇ ಊರ ಬಾಯಲ್ಲಿ ಬೈಗುಳವಾಗಿರುವ ಮನುಷ್ಯ, ತನ್ನನ್ನು ಬೈಯುವವರ ಗಿರಾಕಿ ಉಳಿಸಿಕೊಳ್ಳಲು ನಮ್ಮನ್ನು ಹೊರಗೆ ನಿಲ್ಲಿಸುತ್ತಾನೆ. ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಎಂದರು. ಮೇಲಿನವನ ಕಾಲಡಿ ಇರುವವನಿಗೂ ತುಳಿಯಲು ಒಬ್ಬ ಸಿಗುತ್ತಾನೆ, ಆ ಸಣ್ಣ ಸಮಾಧಾನದ ಮೇಲೆಯೇ ಇಡೀ ಏಣಿ ನಿಂತಿದೆ.

ಅಮೆರಿಕದಲ್ಲಿಯೂ ಈ ಕುರ್ಚಿಯ ಕತೆ ಇದೆ. 19ನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಕಪ್ಪು ಕ್ಷೌರಿಕರು ಬಿಳಿಯರಿಗಷ್ಟೇ ಅಂಗಡಿ ನಡೆಸುತ್ತಿದ್ದರು. ಕಪ್ಪು ಗಿರಾಕಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿದರೆ ಬಿಳಿಯರು ಬರುವುದನ್ನು ಬಿಡುತ್ತಿದ್ದರು, ಅದಕ್ಕೇ ತಮ್ಮವರನ್ನೇ ಬಾಗಿಲಿಂದ ಕಳಿಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಕೇಳಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಇನ್ನು 1964ರಲ್ಲಿ ಒಹಾಯೋ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಒಬ್ಬ ಬಿಳಿಯ ಕ್ಷೌರಿಕ ಕಪ್ಪು ಜನರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವನು ಕೊಟ್ಟ ಕಾರಣ ಕೇಳಿ: ಆ ಬಗೆಯ ಕೂದಲು ಕತ್ತರಿಸಲು ನನಗೆ ಬರುವುದಿಲ್ಲ! ಕಾಲೇಜು ಹುಡುಗರು ಬೀದಿಗಿಳಿದರು, ನೂರಕ್ಕೂ ಹೆಚ್ಚು ಜನ ಬಂಧನವಾದರು. ಕೊನೆಗೆ ಅವನು ಅಂಗಡಿಯನ್ನೇ ಮುಚ್ಚಿದ, ಕತ್ತರಿ ಮಾತ್ರ ಎತ್ತಲಿಲ್ಲ. ಪೊಲೀಸರು ಬಂದು ಬುದ್ಧಿ ಹೇಳಿದ ಮೇಲೆ ಬಾಗಿಲೆಳೆದುಕೊಂಡು ಕೂತ ಅಂಗಡಿಗಳನ್ನು ನಮ್ಮ ಜಿಲ್ಲೆಯಲ್ಲಿಯೂ ನಾವು ಕಂಡಿದ್ದೇವೆ.

ಒಂದು ವ್ಯತ್ಯಾಸವಂತೂ ಇದೆ. ಅಲ್ಲಿ ಚರ್ಮದ ಬಣ್ಣವೇ ಗುರುತು. ನಮ್ಮಲ್ಲಿ ಕನ್ನಡಿಯೆದುರು ಕೂತ ಇಬ್ಬರನ್ನು ನೋಡಿ ಯಾರು ಯಾವ ಕೇರಿ ಅಂತ ಹೇಳಲಾಗದು. ಅದಕ್ಕೇ ಊರು ಕೇಳುತ್ತಾರೆ, ಓಣಿ ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ. ಅಪ್ಪ ನನ್ನ ಕಿವಿಯಲ್ಲಿ ಹೇಳುತ್ತಿದ್ದುದು ಇದನ್ನೇ. ಜಾತಿ ಎಂದರೆ ಜನಾಂಗವಲ್ಲ ಎಂದು ಬಾಬಾಸಾಹೇಬರು ವಾದಿಸಿದರು. ಜಾತಿಗೆ ರಕ್ತದಲ್ಲಿ ಆಧಾರವಿಲ್ಲ, ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಕೆಡವಬಹುದು ಎಂದು ತೋರಿಸುವುದಕ್ಕೆ. ಹಾಗೆ ಹೇಳಿದವರೇ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ನೀಗ್ರೋ ಜನ ವಿಶ್ವಸಂಸ್ಥೆಗೆ ಸಲ್ಲಿಸುವ ಮನವಿಯ ಪ್ರತಿ ಕೇಳಿದರು. ಬೇರು ಬೇರೆಯಾದರೂ ನೋವು ಒಂದೇ ಎಂಬುದು ಅವರಿಗೆ ಗೊತ್ತಿತ್ತು. 2001ರಲ್ಲಿ ಡರ್ಬಾನ್ ಸಮ್ಮೇಳನಕ್ಕೆ ನಮ್ಮವರು ಹೋದಾಗ ಭಾರತ ಸರ್ಕಾರವೂ ಜಾತಿ ಜನಾಂಗವಲ್ಲ ಎಂದೇ ಹೇಳಿತು. ವಾಕ್ಯ ಅದೇ, ಉದ್ದೇಶ ಬೇರೆ: ಜಗತ್ತಿನೆದುರು ಈ ವಿಷಯ ಬರಬಾರದು. ಮರುವರ್ಷ, 2002ರಲ್ಲಿ, ಜನಾಂಗೀಯ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆ ಸಮಿತಿ, ವಂಶಾಧಾರಿತ ತಾರತಮ್ಯ ಎಂಬುದರಲ್ಲಿ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು.

ನಮ್ಮ ಸಂವಿಧಾನವಂತೂ ಅದಕ್ಕಾಗಿ ಕಾಯಲಿಲ್ಲ. 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಎಂಬ ಮಾತಿದೆಯಲ್ಲ, ಅದರ ಚರ್ಚೆ 29 ನವೆಂಬರ್ 1948ರಂದು ಸಂವಿಧಾನ ಸಭೆಯಲ್ಲಿ ನಡೆಯಿತು. ಅಂಗಡಿ ಅಂದರೆ ಕ್ಷೌರದಂಗಡಿಯೂ, ಬಟ್ಟೆ ಒಗೆಯುವ ಅಂಗಡಿಯೂ ಸೇರುತ್ತದೆಯೇ ಎಂಬ ಪ್ರಶ್ನೆ ಬಂತು. ಕೇಳಿ ಬಂದವರಿಗೆ ಸೇವೆ ಕೊಡುವ ಜಾಗವೆಲ್ಲ ಅಂಗಡಿಯೇ ಎಂಬ ಅರ್ಥದಲ್ಲಿ ಬಾಬಾಸಾಹೇಬರು ಉತ್ತರಿಸಿದರು, ಒಳಗೆ ಕಾಲಿಡುವುದಷ್ಟೇ ಅಲ್ಲ, ಸೇವೆ ಪಡೆಯುವುದೂ ಇದರಲ್ಲಿದೆ ಎಂದರು. ಸಾತಾರದ ಅಂಗಳದಲ್ಲಿ ಅಕ್ಕನ ಮುಂದೆ ತಲೆ ತಗ್ಗಿಸಿ ಕೂತಿದ್ದ ಹುಡುಗನೇ ಆ ಉತ್ತರ ಕೊಟ್ಟದ್ದು ಎಂದು ನನಗೆ ಪ್ರತಿ ಸಲ ಅನಿಸುತ್ತದೆ.

ಈಗ ಧಮ್ಮಕ್ಕೆ ಬರೋಣ. ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ತರುಣರು, ಹುಟ್ಟಿನಿಂದ ಬ್ರಾಹ್ಮಣನೋ ನಡತೆಯಿಂದಲೋ ಎಂದು ಕೇಳುತ್ತಾರೆ. ಭಗವಾನರು ಹುಲ್ಲು, ಹುಳು, ಹಾವು, ಮೀನು, ಹಕ್ಕಿ ಎಲ್ಲವನ್ನೂ ತೋರಿಸಿ, ಇವುಗಳಲ್ಲಿ ಹುಟ್ಟಿನ ಗುರುತು ಬೇರೆ ಬೇರೆ ಇದೆ, ಮನುಷ್ಯರಲ್ಲಿ ಹಾಗಿಲ್ಲ ಎನ್ನುತ್ತಾರೆ. ಆಮೇಲೆ ಮನುಷ್ಯನ ಒಂದೊಂದೇ ಅಂಗ ಹೆಸರಿಸುತ್ತಾರೆ. ಆ ಪಟ್ಟಿಯಲ್ಲಿ ಮೊದಲು ಬರುವುದೇನು ಗೊತ್ತೇ? ಕೂದಲು. ಆಮೇಲೆ ತಲೆ, ಕಿವಿ, ಕಣ್ಣು. ಒಹಾಯೋದವನಿಗೆ ಎರಡೂವರೆ ಸಾವಿರ ವರ್ಷ ಮುಂಚೆಯೇ ಉತ್ತರ ಸಿಕ್ಕಿತ್ತು.

ಉಪಾಲಿ ಶಾಕ್ಯರ ಕ್ಷೌರಿಕ. ಆನಂದ, ಅನುರುದ್ಧ, ಭದ್ದಿಯ ಮೊದಲಾದ ರಾಜಕುಮಾರರು ಮನೆ ಬಿಟ್ಟು ಹೊರಟಾಗ ಜೊತೆಗೆ ಹೋದ. ಅವರು ಒಡವೆಗಳನ್ನು ಬಿಚ್ಚಿ ಗಂಟು ಕಟ್ಟಿ ಅವನ ಕೈಗೆ ಕೊಟ್ಟು, ಇದರಲ್ಲಿ ಬದುಕಿಕೋ ಎಂದು ಹಿಂದಕ್ಕೆ ಕಳಿಸಿದರು. ಅರ್ಧ ದಾರಿಯಲ್ಲಿ ಅವನಿಗೆ ಭಯವಾಯಿತು. ಶಾಕ್ಯರು ಕೋಪಿಷ್ಠರು, ಕುಮಾರರನ್ನು ಓಡಿಸಿದವನು ಇವನೇ ಎಂದು ನನ್ನನ್ನು ಕೊಂದಾರು. ಗಂಟನ್ನು ಮರಕ್ಕೆ ನೇತುಹಾಕಿ ಬಂದ ದಾರಿಯಲ್ಲೇ ಹಿಂದಿರುಗಿದ. ಈ ಭಯವನ್ನು ಗಮನಿಸಿ. ಬಸ್ ಸ್ಟ್ಯಾಂಡಿನ ಹಿರಿಯರ ಭಯ ಇದೇ ಜಾತಿಯದು.

ಆಗ ಶಾಕ್ಯ ಕುಮಾರರು ಭಗವಾನರಿಗೆ ಏನು ಕೇಳಿದರು? ಉಪಾಲಿಗೆ ಮೊದಲು ದೀಕ್ಷೆ ಕೊಡಿ, ನಮಗೆ ಆಮೇಲೆ. ಅವನು ಹಿರಿಯನಾಗುತ್ತಾನೆ, ನಾವು ಅವನಿಗೆ ಕೈಮುಗಿಯಬೇಕಾಗುತ್ತದೆ, ನಮ್ಮ ಕುಲದ ಸೊಕ್ಕು ಇಳಿಯುತ್ತದೆ. ಹಾಗೆಯೇ ಆಯಿತು. ಮಹಾಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಒಪ್ಪಿಸಿದವನು ಈ ಉಪಾಲಿಯೇ. ನಾವು ಈ ಕತೆಯನ್ನು ಯಾವಾಗಲೂ ಉಪಾಲಿಯ ಕಡೆಯಿಂದ ಹೇಳುತ್ತೇವೆ. ನಮ್ಮವನೊಬ್ಬ ಮೇಲೆ ಬಂದ ಕತೆ ಅಂತ. ಆದರೆ ಕುಮಾರರ ಕಡೆಯಿಂದಲೂ ಒಮ್ಮೆ ಓದಬೇಕು. ಯಾರೂ ಒತ್ತಾಯಿಸದೆ, ತಮ್ಮ ಸೊಕ್ಕು ತಮಗೇ ಕಂಡು, ಅದನ್ನು ಇಳಿಸಲು ತಾವೇ ಉಪಾಯ ಹುಡುಕಿದರು.

ಇನ್ನು ನಾನು ಹೇಳಲು ಹಿಂಜರಿಯುತ್ತಿದ್ದುದು. ಮರಕುಂಬಿಯ ತೀರ್ಪಿನಲ್ಲಿ 5 ವರ್ಷ ಶಿಕ್ಷೆಯಾದ ಆ ಮೂವರು ಯಾರು? ಅವರು ಪರಿಶಿಷ್ಟರೇ. ಅದಕ್ಕೇ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯವಾಗಲಿಲ್ಲ. ಏಣಿ ನಮ್ಮ ಕೇರಿಯ ಬಾಗಿಲಲ್ಲಿ ನಿಲ್ಲುವುದಿಲ್ಲ, ಒಳಗೂ ಬರುತ್ತದೆ. ನಾನು ಬಲಗೈ ಕೇರಿಯವನು. ನಮ್ಮ ಅವ್ವ ಎಡಗೈಯವರಿಗೆ ನೀರನ್ನು ಮೇಲಿಂದ ಬೊಗಸೆಗೆ ಸುರಿಯುತ್ತಿದ್ದುದನ್ನು ಈ ಕಣ್ಣಿಂದ ನೋಡಿದ್ದೇನೆ. ಒಳಮೀಸಲಾತಿಯ ಬಗ್ಗೆ 1 ಆಗಸ್ಟ್ 2024ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ನಮ್ಮ ಇದೇ ಗುಂಪಿನಲ್ಲಿ ಎಂಥೆಂಥ ಮೆಸೇಜು ಹರಿದಾಡಿದವು, ಅಡ್ಮಿನ್ ಅಳಿಸಿದರೂ ಎರಡೂ ಕಡೆಯವರಿಗೆ ನೆನಪಿದೆ.

ಅವ್ವ ಓದಿದವಳಲ್ಲ, ಅವಳನ್ನು ಬಿಡಿ. ನಾನು ದೀಕ್ಷಾಭೂಮಿಗೆ ಹೋಗಿ ಬಂದವನು, 22 ಪ್ರತಿಜ್ಞೆಗಳನ್ನು ನಿಮಗೆ ಹೇಳಿಕೊಟ್ಟವನು. ಕಳೆದ ವರ್ಷ ನನ್ನ ತಮ್ಮನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ನೌಕರಿಯವ, ಉಪಾಸಕರ ಮನೆ, ನಮ್ಮ ಅಧ್ಯಯನಕ್ಕೆ ಬರುವವರೇ. ಎಡಗೈಯವರು. ತಮ್ಮ ನನ್ನನ್ನು ಕೇಳಿದ, "ಅಣ್ಣಾ, ಏನ್ ಅಂತಿ?" ನಾನು ಜಾತಿಯ ಮಾತೇ ಎತ್ತಲಿಲ್ಲ. "ಊರು ಭಾಳ ದೂರ ಆತು" ಅಂದೆ. ಆ ಊರು ನಮ್ಮಿಂದ ಹದಿನೆಂಟು ಕಿಲೋಮೀಟರು. ಹುಡುಗಿಯನ್ನು ಯಾರೂ ಕೇಳಲೂ ಇಲ್ಲ.

ಒಹಾಯೋದವನ 'ನನಗೆ ಬರುವುದಿಲ್ಲ' ಓದಿದಾಗ ನಗು ಬಂತು. ನಕ್ಕು ಮುಗಿಯುವಷ್ಟರಲ್ಲಿ ನನ್ನ ಹದಿನೆಂಟು ಕಿಲೋಮೀಟರು ನೆನಪಾಯಿತು.

ಮೊನ್ನೆ ತಮ್ಮನ ಮನೆಗೆ ಹೋಗಿ, ಹುಡುಗಿಯ ಮುಂದೆಯೇ, ನಾನು ಹಾಗೆ ಅಂದದ್ದು ಯಾಕೆ ಎಂದು ಹೇಳಿದೆ. ಅವಳು, "ನನಗ ಆವತ್ತ ಗೊತ್ತಾಗಿತ್ತು ದೊಡ್ಡಪ್ಪಾ" ಅಂದಳು. ಆ ಹುಡುಗನಿಗೆ ಇನ್ನೂ ಮದುವೆಯಾಗಿಲ್ಲವಂತೆ. ಮುಂದಿನದು ಅವರಿಬ್ಬರ ಇಷ್ಟ, ನಾನು ಬಾಯಿ ಹಾಕುವುದಿಲ್ಲ. ಆ ಮನೆಯ ಹಿರಿಯರಿಗೂ ಫೋನ್ ಮಾಡಿ ನಡೆದದ್ದನ್ನು ಒಪ್ಪಿಕೊಂಡೆ, ಇಲ್ಲಿ ಬರೆಯಲು ಅವರ ಒಪ್ಪಿಗೆಯನ್ನೂ ಪಡೆದೆ. ಅವರು ಬೈಯಲಿಲ್ಲ. "ಈ ಸಲ ಓದು ನಮ್ಮ ಮನಿಯಾಗ ಇಡ್ರಿ" ಅಂದರು.

ಹಾಗಾಗಿ ಈ ಭಾನುವಾರದ ಅಧ್ಯಯನ ಸಂಜೆ 5ಕ್ಕೆ ಅವರ ಮನೆಯಲ್ಲಿ. ಓದಿ ಬರಬೇಕಾದದ್ದು ಉಪಾಲಿಯ ಪ್ರಸಂಗ, ಅದರ ನಂತರ ಬರುವ ಸುನೀತ, ಸೋಪಾಕರ ಪ್ರಸಂಗ. ಊಟವೂ ಅಲ್ಲೇ, ರೊಟ್ಟಿ, ಪುಂಡಿಪಲ್ಲೆ. ನಮ್ಮ ಕೇರಿಯಿಂದ ಎಷ್ಟು ಜನ ಊಟಕ್ಕೆ ಕೂರುತ್ತೀರಿ ಎಂದು ಶುಕ್ರವಾರದೊಳಗೆ ಇದೇ ಗುಂಪಿನಲ್ಲಿ ಹೆಸರು ಹಾಕಿ. ಮೊದಲ ಹೆಸರು ನನ್ನದು, ಎರಡನೆಯದು ನಮ್ಮ ಅಕ್ಕನದು.

ಭವತು ಸಬ್ಬ ಮಂಗಲಂ. ಜೈ ಭೀಮ್.