ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿರುವ ಕ್ಯಾಸೆಟ್ಟುಗಳು

ಅಮೆರಿಕಕ್ಕೆ ಬರುವಾಗ ನಮ್ಮಲ್ಲಿ ಹಲವರು ಚಟ್ನಿಪುಡಿ, ಹಪ್ಪಳದ ಜೊತೆಗೆ ಮದುವೆಯ ವಿಡಿಯೋ ಕ್ಯಾಸೆಟ್ಟನ್ನೂ ತಂದೆವು. ಇಲ್ಲಿನ ವಿಸಿಆರ್‌ಗೆ ಹಾಕಿದರೆ ಚಿತ್ರ ಉರುಳುತ್ತಿತ್ತು, ಬಣ್ಣ ಮಾಯ! ಕ್ಯಾಸೆಟ್ ಕೆಟ್ಟಿರಲಿಲ್ಲ. ಭಾರತದ್ದು ಪಾಲ್ ಪದ್ಧತಿ, ಸೆಕೆಂಡಿಗೆ 25 ಚಿತ್ರ, 625 ಗೆರೆ. ಇಲ್ಲಿಯದು ಎನ್‌ಟಿಎಸ್‌ಸಿ, ಸುಮಾರು 30 ಚಿತ್ರ, 525 ಗೆರೆ. ಎರಡನ್ನೂ ಓದಬಲ್ಲ ಮಲ್ಟಿಸಿಸ್ಟಮ್ ವಿಸಿಆರ್ ಬೇಕು. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು; ಹಳೆಯದನ್ನೇ ಹುಡುಕಬೇಕು.

ಸಿಕ್ಕಿದ ಕೂಡಲೇ ಪ್ಲೇ ಒತ್ತಬೇಡಿ. ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆಮೇಲೆ ಅಪ್ಪಿತಪ್ಪಿಯೂ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ; ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ.

ಅಜ್ಜಿಯ ಹಾಡಿನ ಆಡಿಯೋ ಕ್ಯಾಸೆಟ್ ಇದ್ದರೆ ಮೊದಲ ಸರದಿ ಅದರದ್ದೇ. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಇಷ್ಟು ಸಾಕು. ಮೂಲವನ್ನು ವೇವ್ ಫೈಲಾಗಿ ಉಳಿಸಿ, ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ಕತ್ತರಿ ಆಡಿಸುವುದೇನಿದ್ದರೂ ಅದರ ನಕಲಿನ ಮೇಲೆ. ಟೇಪಿನ ಸುಯ್ಯೆನ್ನುವ ಸದ್ದನ್ನು ತೆಗೆಯಬಹುದು. ಅತಿಯಾದರೆ ಅಜ್ಜಿ ನೀರಿನೊಳಗಿಂದ ಹಾಡಿದಂತಾಗುತ್ತದೆ. ಹಾಡಿನ ನಡುವೆ "ಒಲೆ ಮೇಲೆ ಹಾಲಿಟ್ಟಿದೀನಿ, ನೋಡ್ರೇ" ಎಂದಿದ್ದರೆ ಅದನ್ನಂತೂ ಕತ್ತರಿಸಬೇಡಿ. ಮಕ್ಕಳು ಹಾಡಿಗಿಂತ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ!

ನೆಂಟರಿಗೆ ಹಂಚಲು ಎಂಪಿ3 ಸಾಕು. ವೇವ್ ಫೈಲಿನ ಒಂದು ಪ್ರತಿ ಊರಿನಲ್ಲಿರುವ ಅಣ್ಣನ ಮನೆಯಲ್ಲೂ ಇರಲಿ. ಫೈಲಿನ ಹೆಸರಿನಲ್ಲಿ ಹಾಡಿದವರು, ಊರು, ವರ್ಷ ಬರೆಯಿರಿ. ಹಿಂದೆ ದನಿಗೂಡಿಸಿದವರು ಯಾರೆಂದು ತಿಳಿಯದಿದ್ದರೆ ದೊಡ್ಡಮ್ಮನಿಗೆ ಈ ಭಾನುವಾರವೇ ಫೋನ್ ಮಾಡಿ ಕೇಳಿಸಿ.